ಬಿಕ್ಕೋಡಿನಿಂದ ಹಿಂದಿರುಗುತ್ತಿದ್ದ ಜೀಪು

ಮಿಲಿಟ್ರಿ ಮಾವನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಚರ್ಮ ಗಟ್ಟಿಯಾಗಿ, ನುಣ್ಣಗಾಗಿ ಹೊಳೆಯುತ್ತಿತ್ತು. ಸ್ಪಾನರ್ ಹಿಡಿದಾಗ ಆ ಬೆರಳನ್ನು ಒಳಗೆ ಮಡಚಿಕೊಳ್ಳುತ್ತಿದ್ದರು. ಏನಾಯಿತು ಅಂತ ಕೇಳಿದವರಿಗೆಲ್ಲ ಒಂದೊಂದು ಕಥೆ. ಒಬ್ಬರಿಗೆ ಜ್ಯಾಕ್ ಜಾರಿತು, ಇನ್ನೊಬ್ಬರಿಗೆ ಒಂಟೆ ಕಚ್ಚಿತು. ನನ್ನ ಪಾಲಿಗೆ ಬಂದದ್ದು ಒಂಟೆ. ಬಹಳ ದಿನ ನಂಬಿಕೊಂಡೂ ಇದ್ದೆ.

ಅವರು ನನಗೆ ಸ್ವಂತ ಮಾವನೇನಲ್ಲ. ಅರಸೀಕೆರೆಯಲ್ಲಿ ನಮ್ಮ ಕೊಬ್ಬರಿ ಅಂಗಡಿಯ ಪಕ್ಕಕ್ಕೇ ಅವರ ಗ್ಯಾರೇಜು. ಹುಟ್ಟೂರು ಗೆಂಡೆಹಳ್ಳಿ ಕಡೆ. ಸೈನ್ಯದಲ್ಲಿ ಡ್ರೈವರ್ ಆಗಿ ರಾಜಸ್ಥಾನದ ಮರಳುಗಾಡಿನಲ್ಲಿ ವರ್ಷಗಟ್ಟಲೆ ಇದ್ದು, ನಿವೃತ್ತಿಯಾಗಿ ಬಂದವರು. ಮದುವೆಯಾಗಲಿಲ್ಲ. ಅಪ್ಪ ತೀರಿಕೊಂಡು ಅಂಗಡಿ ನನ್ನ ತಲೆಗೆ ಬಿದ್ದಾಗ, ತೋಟ ತೋಟ ಸುತ್ತಲು ಅಪ್ಪನ ಹಳೇ ಜೀಪನ್ನು ಸರಿಮಾಡಿಕೊಟ್ಟು ನನಗೆ ಡ್ರೈವಿಂಗ್ ಕಲಿಸಿದರು. ನಾನು ಸಿಟ್ಟಿನ ಹೆಂಗಸು, ಗೇರ್ ಬೀಳದಿದ್ದರೆ ಜಗ್ಗಾಡುತ್ತಿದ್ದೆ. "ಅದರ ಮೇಲೆ ಯಾಕೆ ಕಣೇ ಅಷ್ಟು ಕೋಪ, ಅದೇನು ನಿನ್ನ ಗಂಡನಾ?" ಅನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದ ನನ್ನ ಗಂಡ ಕಿಟಕಿ ಕಡೆ ಮುಖ ತಿರುಗಿಸಿಕೊಂಡು ನಗುತ್ತಿದ್ದರು.

ಗ್ಯಾರೇಜಿನ ಗೋಡೆಯಲ್ಲಿ ದೇವರ ಪಟಕ್ಕಿಂತ ದೊಡ್ಡದಾಗಿ ರಾಜಸ್ಥಾನದ ನಕ್ಷೆ ತೂಗುತ್ತಿತ್ತು. ಡಾಂಬರು ರಸ್ತೆ ಬಿಟ್ಟು ಐದು ದಿನ ಮರಳಿನಲ್ಲೇ ಸುತ್ತಿ ಬರಬೇಕು ಅನ್ನುವುದು ಮಾವನ ಹಳೇ ಹುಚ್ಚು. ಪ್ರತಿ ವರ್ಷ ಪಟ್ಟಿ ಬರೆಯುವುದು, ಪ್ರತಿ ವರ್ಷ ಏನೋ ನೆಪ ತೆಗೆದು ಮುಂದಕ್ಕೆ ಹಾಕುವುದು. ಹೋದ ವರ್ಷ ನಾನೂ ನನ್ನ ಗಂಡನೂ ಬಂದೇ ಬರುತ್ತೇವೆ ಅಂತ ಪಟ್ಟು ಹಿಡಿದೆವು.

"ಓಡ್ಸೋದು ಯಾರಿಗಾದ್ರೂ ಬತ್ತೈತೆ. ಎಲ್ಲಿ ನಿಲ್ಲಿಸಿ ಮಲಗ್ಬೇಕು ಅನ್ನೋದು ಕಲಿ ಮೊದ್ಲು" ಅಂದರು.

ಹಾಗೆ ಭಾನುವಾರದ ಪಾಠ ಶುರುವಾಯಿತು. ಹಳೇಬೀಡಿನ ಕೆರೆಯ ಹತ್ತಿರ ಜೀಪು ನಿಲ್ಲಿಸಿ, "ಇಲ್ಲಿ ಡೇರೆ ಎಲ್ಲಿ ಹಾಕ್ತೀಯ?" ಅಂತ ಕೇಳಿದರು. ನೀರಿನ ಪಕ್ಕದ ಮರ ತೋರಿಸಿದೆ.

"ಫೇಲು. ಮರಳುಗಾಡಲ್ಲಿ ನೀರಿದ್ದ ಕಡೆ ದನ, ಒಂಟೆ ಎಲ್ಲಾ ಬತ್ತವೆ. ನೀನು ಅಡ್ಡ ಮಲಗಿದ್ರೆ ಅವು ಕುಡಿಯೋದು ಹೆಂಗೆ? ಒಂಟಿ ಮರದ ಕೆಳಗೆ ಬರೀ ಮುಳ್ಳು, ಟೈರಿಗೂ ಬೆನ್ನಿಗೂ."

ಹೊತ್ತು ಮುಳುಗುವುದಕ್ಕೆ ಎರಡು ಗಂಟೆ ಮುಂಚೆಯೇ ಜಾಗ ಹಿಡಿಯಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡಬೇಕು. ನೆಲ ಗಟ್ಟಿಯಿರಬೇಕು, ಸುತ್ತಲಿಗಿಂತ ಆಳೆತ್ತರ ಮೇಲಿರಬೇಕು. ಸೌದೆ, ನೀರು ನಾವೇ ಹೊತ್ತುಕೊಂಡು ಹೋಗಬೇಕು. ಒಂದೇ ಗಾಡಿಯಲ್ಲಿ ಹೋಗಲೇಬಾರದು. ಇಷ್ಟೆಲ್ಲ ಆದ ಮೇಲೆ, ಡೇರೆ ಬಿಚ್ಚುವ ಮೊದಲು ಬರೀ ನೆಲದ ಮೇಲೆ ಅಂಗಾತ ಮಲಗಿ, ಕಲ್ಲು ಒತ್ತುತ್ತದಾ, ನೆಲ ಇಳಿಜಾರಾ ಅಂತ ಸ್ವಲ್ಪ ಹೊತ್ತು ನೋಡಬೇಕು. ಮಾವ ಇದನ್ನು ಬಾಯಲ್ಲಿ ಹೇಳಿ ಬಿಡುವವರಲ್ಲ. ಒಂದು ಭಾನುವಾರ ಮಟಮಟ ಮಧ್ಯಾಹ್ನ ರಸ್ತೆ ಪಕ್ಕದ ದಿಬ್ಬದಲ್ಲಿ ಮಲಗಿ ತೋರಿಸುತ್ತಿದ್ದಾಗ, ಬಸ್ಸಿನಿಂದ ಇಳಿದವರೊಬ್ಬರು ಓಡಿಬಂದು ಮುಖಕ್ಕೆ ನೀರು ಚಿಮುಕಿಸಿದರು. "ಬದುಕಿದೀನಿ ಕಣ್ರೀ!" ಅಂತ ಎದ್ದು ಕೂತರು. ನಾವು ಬಿದ್ದು ಬಿದ್ದು ನಕ್ಕೆವು.

ಒಂದು ನಿಯಮಕ್ಕೆ ಮಾತ್ರ ಕಾರಣ ಹೇಳುತ್ತಿರಲಿಲ್ಲ. "ಒಣಗಿದ ಹಳ್ಳದ ಕಡೆ ಕಣ್ಣೆತ್ತಿಯೂ ನೋಡ್ಬೇಡ."

ಇನ್ನೊಂದು ವಿಚಿತ್ರವೂ ಇತ್ತು. ಹಳೇಬೀಡು, ಬೇಲೂರು ದಾಟಿ ಬಿಕ್ಕೋಡಿನವರೆಗೆ ಹೋಗುತ್ತಿದ್ದೆವು. ಅಲ್ಲಿ ಟೀ ಕುಡಿದದ್ದೇ "ತಿರುಗ್ಸು" ಅನ್ನುತ್ತಿದ್ದರು. ಅಕ್ಟೋಬರಿನ ಒಂದು ಭಾನುವಾರ ನನಗೆ ರೇಗಿಹೋಯಿತು. "ಪ್ರತಿ ಸಲ ಇಲ್ಲಿಂದಲೇ ಯಾಕೆ ವಾಪಸ್ಸು? ಮುಂದೆ ಅರೇಹಳ್ಳಿ ಕಡೆ ಹೋದರೆ ಯಾರಾದರೂ ಹಿಡಿದುಕೊಳ್ಳುತ್ತಾರಾ?" ಅಂದೆ.

ಮಾವ ಟೀ ಲೋಟ ಕೆಳಗಿಟ್ಟರು. "ಅರೇಹಳ್ಳಿಯೋನೊಬ್ಬ ನನ್ನ ಜೊತೆ ಇದ್ದ" ಅಂದರು.

ಇಬ್ಬರಿಗೂ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಒಂದು ಸಂಜೆ ಗಾಡಿ ಕೆಟ್ಟು, ಮಿಕ್ಕವರಿಂದ ಹಿಂದೆ ಬಿದ್ದು, ಮರಳುಗಾಡಿನಲ್ಲಿ ಇಬ್ಬರೇ ತಂಗಬೇಕಾಯಿತು. ಜಾಗ ಆರಿಸಿದ್ದು ಮಾವ. "ನೋಡೋಕೆ ಥೇಟ್ ನಮ್ಮೂರ ಕೆರೆ ಅಂಗಳ ಕಣೇ. ಮಟ್ಟಸವಾಗಿತ್ತು, ಮರಳು ಮೆತ್ತಗಿತ್ತು. ಬ್ಯಾಸಗೇಲಿ ಸೌತೆಕಾಯಿ ಕಾಯ್ಕೊಂಡು ಕೆರೆ ಅಂಗಳದಲ್ಲೇ ಮಲಗಿ ಬೆಳೆದೋನು ನಾನು. ಇದಕ್ಕಿಂತ ಒಳ್ಳೇ ಜಾಗ ಎಲ್ಲೈತೆ ಅಂದೆ. ಅವನು ಬ್ಯಾಡ, ಮೇಲೆ ಹೋಗನ ಅಂದ. ನಾನೇ ಕೇಳ್ಲಿಲ್ಲ."

ಅದು ಹಳ್ಳ. ನಮ್ಮ ಕಡೆ ಹಳ್ಳ ಬರಬೇಕಾದರೆ ನಮ್ಮ ತಲೆ ಮೇಲೇ ಮಳೆ ಸುರಿದಿರುತ್ತದೆ. ಅಲ್ಲಿ ಎಲ್ಲೋ ದೂರದಲ್ಲಿ ಮಳೆಯಾಗಿ, ಇಲ್ಲಿ ಮೋಡವೇ ಇಲ್ಲದೆ ನೀರು ಬರುತ್ತದಂತೆ. ಬೆಳಗ್ಗೆ ಟೀ ಕಾಯಿಸಿ ಕುಡಿಯುತ್ತಿದ್ದಾಗ ಬಂತು. "ಯಾವಾಗ್ಲೂ ಎರಡು ಚಮಚ ಜಾಸ್ತಿ ಸಕ್ಕರೆ ಅವನಿಗೆ. ಅವತ್ತೂ ಕೇಳಿ ಹಾಕಿಸ್ಕೊಂಡ. ಲೋಟ ಕೈಲೇ ಇತ್ತು." ಮಾವ ಒಂದು ಕೈಯಲ್ಲಿ ಬಂಡೆ ತಬ್ಬಿಕೊಂಡು ಇನ್ನೊಂದು ಕೈಯಲ್ಲಿ ಅವನ ಬೆಲ್ಟು ಹಿಡಿದಿದ್ದರು. ಅವನ ಸಮೇತ ಬೆಲ್ಟು ಹೋಯಿತು, ಅದರ ಜೊತೆ ಉಗುರೂ ಹೋಯಿತು.

ಅವನ ಅಕ್ಕ ಇನ್ನೂ ಅರೇಹಳ್ಳಿಯಲ್ಲಿದ್ದಾಳೆ ಅಂದರು. ಆ ಜಾಗ ಆರಿಸಿದ್ದು ತಾನು ಅಂತ ಅವಳಿಗೆ ಹೇಳಬೇಕು. ನಲವತ್ತು ವರ್ಷದ ಮೇಲಾಯಿತು, ಬಿಕ್ಕೋಡು ದಾಟಲಾಗಿಲ್ಲ.

"ಈಗಲೇ ಹೋಗೋಣ ಮಾವ" ಅಂದೆ.

"ಬರಿಗೈಲಿ ಏನಂತ ಹೋಗ್ಲಿ? ಅಲ್ಲಿಂದ ಒಂದು ಹಿಡಿ ಮರಳಾದ್ರೂ ತತ್ತೀನಿ. ಆಮೇಲೆ ಹೋಗನ. ತಿರುಗ್ಸು."

ಸ್ಟೇರಿಂಗ್ ನನ್ನ ಕೈಯಲ್ಲಿತ್ತು. ಯಾರ ಮಾತೂ ಕೇಳದ ನಾನು ಅವತ್ತು ಕೇಳಿದೆ. ತಿರುಗಿಸಿದೆ.

ಡಿಸೆಂಬರಿಗೆ ಹೊರಡುವುದು ಅಂತ ನಿಗದಿಯಾಗಿತ್ತು. ಎರಡು ಜೀಪು, ಐದು ದಿನ, ಪ್ರತಿ ದಿನದ ತಂಗುದಾಣ, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಮೂರು ವಾರ ಇದೆ ಅನ್ನುವಾಗ ಗ್ಯಾರೇಜಿನಲ್ಲಿ ಎದೆ ಹಿಡಿದುಕೊಂಡು ಕೂತರು. ಹಾಸನದ ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು, ಮಾತು ಬರಲಿಲ್ಲ. ನಾನು ಕೈ ಹಿಡಿದುಕೊಂಡಾಗ ಆ ಹೆಬ್ಬೆರಳು ನನ್ನ ಅಂಗೈಯನ್ನು ಒತ್ತುತ್ತಿತ್ತು. ಮೂರನೇ ದಿನ ಅದೂ ನಿಂತಿತು.

ಹೊರಡಲು ಮನಸ್ಸಿರಲಿಲ್ಲ. ಆದರೂ ಜನವರಿಯಲ್ಲಿ ನಾನು, ನನ್ನ ಗಂಡ, ಇನ್ನೊಂದು ಜೀಪಿನಲ್ಲಿ ಇಬ್ಬರು ಸ್ನೇಹಿತರು ಹೋದೆವು. ಐದು ಸಂಜೆಯೂ ಗಟ್ಟಿ ದಿಬ್ಬ ಹುಡುಕಿ, ಮೊದಲು ಬರೀ ನೆಲದ ಮೇಲೆ ಮಲಗಿ ನೋಡಿದೆ. ಆಕಾಶ ನೋಡುತ್ತಿದ್ದರೆ ಅಳು ಬರುತ್ತಿತ್ತು. ಮಾವನ ನೋಟ್‌ಬುಕ್ಕಿನ ನಾಲ್ಕನೇ ದಿನದ ಹಾಳೆಯಲ್ಲಿ ಕೆಂಪು ಪೆನ್ಸಿಲಿನ ಚುಕ್ಕೆಯಿತ್ತು. ಹೋಗಿ ನೋಡಿದರೆ ಅದೇ ಹಳ್ಳ. ಹೌದು, ಥೇಟ್ ಕೆರೆ ಅಂಗಳವೇ. ನನ್ನನ್ನು ಕೇಳಿದ್ದರೆ ನಾನೂ ಅಲ್ಲೇ ಮಲಗುತ್ತಿದ್ದೆ. ಸ್ಟೀಲ್ ಡಬ್ಬಿಗೆ ಒಂದು ಹಿಡಿ ಮರಳು ತುಂಬಿಕೊಂಡೆ.

ಬಂದ ವಾರವೇ ಒಬ್ಬಳೇ ಅರೇಹಳ್ಳಿಗೆ ಹೋಗಿ, ಸೈನ್ಯದಲ್ಲಿ ತೀರಿಹೋದವನ ಮನೆ ಯಾವುದು ಅಂತ ಕೇಳಿಕೊಂಡು ಹೋದೆ. ಆ ಅಕ್ಕ ಈಗ ಮುದುಕಿ. ಮನೆ ಮುಂದೆ ಹರಡಿದ್ದ ಕಾಫಿ ಹಣ್ಣನ್ನು ಕಾಲಲ್ಲಿ ಕೆದಕುತ್ತಿದ್ದರು. ಎಲ್ಲ ಹೇಳಿದೆ, ಜಾಗ ಆರಿಸಿದ್ದು ಯಾರು ಅನ್ನುವುದನ್ನೂ ಹೇಳಿದೆ. ಬೈಯಲಿ ಅಂತ ಕಾದೆ. ಅವರು ನಾನು ಕೊಟ್ಟ ಡಬ್ಬಿ ತೆರೆದು ನೋಡಿ, ಮುಚ್ಚಿ, ಪಕ್ಕಕ್ಕಿಟ್ಟರು.

"ಮರಳು ತಗೊಂಡು ಏನು ಮಾಡ್ಲವ್ವ ನಾನು? ತಂತಿ ಬಂತು, ಅವನ ಪೆಟ್ಟಿಗೆ ಬಂತು. ಜೊತೇಲಿದ್ದೋರು ಮಾತ್ರ ಬರ್ಲಿಲ್ಲ. ಅವತ್ತು ಬೆಳಿಗ್ಗೆ ಹೊಟ್ಟೆಗೇನಾದ್ರೂ ಬಿದ್ದಿತ್ತಾ ಅಂತ ನಮ್ಮವ್ವ ಸಾಯೋಗಂಟ ಕೇಳ್ತಿದ್ಲು. ಹೇಳೋರು ಒಬ್ರೂ ಇರ್ಲಿಲ್ಲ."

"ಟೀ ಕುಡಿದಿದ್ದರು" ಅಂದೆ. "ಎರಡು ಚಮಚ ಜಾಸ್ತಿ ಸಕ್ಕರೆ ಹಾಕಿಸಿಕೊಂಡು."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅವನ ಕಾಟಕ್ಕೆ ಸಕ್ಕರೆ ಡಬ್ಬಿ ಬಚ್ಚಿಡ್ತಿದ್ದೆ ನಾನು" ಅಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಜಾಗ ಯಾರು ನೋಡಿದ್ರೇನವ್ವ. ಬಂದು ಇಷ್ಟು ಹೇಳಿದ್ರೆ ಸಾಕಾಗಿತ್ತು. ಊಟ ಹಾಕಿ ಕಳಿಸ್ತಿದ್ದೆ" ಅಂದರು.

ನನಗೆ ಊಟ ಹಾಕಿದರು. ಮಾವನಿಗೆ ಸಿಗಬೇಕಾದ ಊಟ ಅದು. ಬರುವಾಗ ಬಿಕ್ಕೋಡಿನಲ್ಲಿ ಅದೇ ಟೀ ಅಂಗಡಿಯ ಮುಂದೆ ಜೀಪು ನಿಲ್ಲಿಸಿದೆ. ಅಲ್ಲಿಂದ ಆ ಮನೆಗೆ ಅರ್ಧ ಗಂಟೆಯೂ ಇಲ್ಲ. ಅವತ್ತು ನಾನು ತಿರುಗಿಸಬಾರದಿತ್ತು.