ಮೂರನೇ ಮೆಟ್ಟಿಲಿಗೆ ರೈಲು

ಯಲಹಂಕದ ನಮ್ಮ ಬೀದಿಯಲ್ಲಿ ನವರಾತ್ರಿಗೆ ಎಷ್ಟೋ ಮನೆಗಳಲ್ಲಿ ಗೊಂಬೆ ಕೂರಿಸುತ್ತಾರೆ. ರೈಲು ಓಡುವುದು ನಮ್ಮ ಮನೆಯಲ್ಲಿ ಮಾತ್ರ. ಅದು ನನ್ನ ಓರಗಿತ್ತಿ ಪದ್ಮಶ್ರೀ ಅಕ್ಕನ ಹುಚ್ಚು. ಹೆಬ್ಬಾಳದ ವಿಮಾ ಕಚೇರಿಯಲ್ಲಿ ವರ್ಷವೆಲ್ಲ ಗಂಟು ಮುಖ ಹಾಕಿಕೊಂಡು ಕೂರುವ ಈ ಹೆಂಗಸು, ಹಬ್ಬ ಹತ್ತಿರ ಬಂತೆಂದರೆ ಸೆರಗು ಸಿಕ್ಕಿಸಿ, ಹಾಲಿನ ನೆಲದ ಮೇಲೆ ಬೋರಲು ಮಲಗಿ ಹಳಿ ಜೋಡಿಸುತ್ತಾಳೆ.

ಇಷ್ಟು ವರ್ಷ ರೈಲು ಗೊಂಬೆಗಳ ಮುಂದೆ ನೆಲದಲ್ಲೇ ಸುತ್ತುತ್ತಿತ್ತು. ಈ ಸಲ ಅದನ್ನು ಮೂರನೇ ಮೆಟ್ಟಿಲಿಗೆ ಹತ್ತಿಸಿಯೇ ತೀರುತ್ತೇನೆಂದು ಅಕ್ಕ ಹೊರಟಳು. ಹಲಗೆಯೊಂದನ್ನು ನೇರವಾಗಿ ಒರಗಿಸಿ ಹಳಿ ಹಾಸಿದಳು. ಎಂಜಿನ್ ಅರ್ಧ ಏರಿ, ಜರ್ರನೆ ಹಿಂದಕ್ಕೆ ಜಾರಿ, ಶೆಟ್ಟಿ ಗೊಂಬೆಯ ಅಂಗಡಿಗೆ ನುಗ್ಗಿತು. ಶೆಟ್ಟಿಯ ಮೂಗು ಹೋಯಿತು.

“ನಮ್ಮತ್ತೆ ಕೊಟ್ಟಿದ್ದ ಗೊಂಬೆ ಕಣೆ ಅದು,” ಅಂದರು ನಮ್ಮ ಅತ್ತೆ ಪುಟ್ಟಲಕ್ಷ್ಮಿ. “ಆಯುಧಪೂಜೆ ದಿನ ನಿನ್ ರೈಲು ಹತ್ತಿದ್ರೆ ಸರಿ. ಇಲ್ಲಾಂದ್ರೆ ಮುಂದಿನ್ ವರ್ಷದಿಂದ ಈ ಮನೇಲಿ ಬರೀ ಗೊಂಬೆ.”

ಅತ್ತೆ ಒಂದು ಸಲ ಅಂದರೆ ಮುಗಿಯಿತು. ಅಕ್ಕನಿಗೆ ಅನ್ನ ಸೇರಲಿಲ್ಲ.

ಮೊಳಕ್ಕೆ ಒಂದು ಬೆರಳಿನಷ್ಟು ಮಾತ್ರ ಏರಿದರೆ ಜಾರುವುದಿಲ್ಲವೆಂದು ಅವಳೇ ಕಂಡುಕೊಂಡಳು. ಅಷ್ಟು ನಿಧಾನವಾಗಿ ಏರಬೇಕಾದರೆ ಹಳಿ ಉದ್ದವಾಗಬೇಕಲ್ಲ! ಅದು ಟಿವಿ ಕೆಳಗಿನಿಂದ ಹೊರಟು, ಸೋಫಾ ಬಳಸಿ, ಬೀರುವಿನ ಮುಂದೆ ಹಾದು ಇಡೀ ಹಾಲನ್ನು ಸುತ್ತಿತು. ಹಳಿಯ ಕೆಳಗೆ ಥರ್ಮಾಕೋಲ್ ಕೊಟ್ಟಳು. ಹಳೇ ಸೀರೆಯನ್ನು ಮೈದಾ ಅಂಟಿನಲ್ಲಿ ಅದ್ದಿ ಹೊದಿಸಿ ಬೆಟ್ಟ ಮಾಡಿದಳು, ಕಾಫಿ ಚರಟ ಒಣಗಿಸಿ ಉದುರಿಸಿ ಮಣ್ಣು ಮಾಡಿದಳು, ಅಲ್ಲಲ್ಲಿ ರಾಗಿ ಪೈರಿನ ಬಟ್ಟಲಿಟ್ಟಳು. ನಮ್ಮ ಭಾವ ಅನಂತರಾಜು ಸೋಫಾದ ಮೇಲೆ ಸೆರೆಯಾದರು. “ಬಾತ್‌ರೂಮಿಗೆ ಹೋಗ್ಬೇಕು, ಗೇಟ್ ತೆಗಿ ಪದ್ಮಾ,” ಎಂದು ಗೋಗರೆಯುತ್ತಿದ್ದರು. ನನಗಂತೂ ನಕ್ಕೂ ನಕ್ಕೂ ಪಕ್ಕೆ ನೋವು.

ಆಯುಧಪೂಜೆಯ ಸಂಜೆ ಅರಿಶಿನ ಕುಂಕುಮಕ್ಕೆ ಬೀದಿಯ ಹೆಂಗಸರೆಲ್ಲ ರೇಷ್ಮೆ ಸೀರೆಯಲ್ಲಿ ಬಂದು ಕೂತರು. ಅಕ್ಕ ಸ್ವಿಚ್ ಒತ್ತಿದಳು. ರೈಲು ಏರಿನ ಬುಡಕ್ಕೆ ಬಂದು ನಿಂತೇಬಿಟ್ಟಿತು. ಚಕ್ರಗಳು ಗಿರ್ರೆಂದು ತಿರುಗುತ್ತಿದ್ದವು, ರೈಲು ಮಾತ್ರ ಮುಂದಕ್ಕೆ ಹೋಗಲೊಲ್ಲದು. ಹಿಂದಿನ ದಿನವೆಲ್ಲ ಸಲೀಸಾಗಿ ಹತ್ತಿದ್ದ ರೈಲು! ಅಕ್ಕನ ಕಣ್ಣು ತುಂಬಿ ಬಂತು. ನನ್ನ ನಗುವೂ ನಿಂತಿತು.

ಅತ್ತೆ ಮೆಲ್ಲಗೆ ಬಾಯಿಬಿಟ್ಟರು. “ಬೆಳಗ್ಗೆ ಪೂಜೆ ಮಾಡ್ವಾಗ ಹಳಿಗೆಲ್ಲ ಒಂಚೂರು ಕೊಬ್ರಿ ಎಣ್ಣೆ ಸವರ್ದೆ. ಸಲೀಸಾಗಿ ಹತ್ಲಿ ಅಂತ.”

ಮನೆಯ ಸೂರು ಹಾರಿಹೋಗುವಂಥ ನಗು. ಪಕ್ಕದ ಮನೆಯ ತಸ್ನೀಮ್ ಕಣ್ಣೊರೆಸಿಕೊಂಡು, “ಕಡ್ಲೆಹಿಟ್ಟು ಇದ್ಯಾ ಆಂಟಿ? ಜಿಡ್ಡು ಹೋಗತ್ತೆ,” ಅಂದಳು.

ಡಬ್ಬಿ ಬಂತು. ಜರಿ ಸೀರೆಗಳನ್ನು ಮೇಲೆತ್ತಿ ಕಟ್ಟಿ ಎಲ್ಲರೂ ಹಾಲಿನ ಸುತ್ತ ಕುಕ್ಕರಗಾಲಲ್ಲಿ ಕೂತು ಹಳಿಗೆ ಹಿಟ್ಟು ಉಜ್ಜಿದರು, ಒಣಬಟ್ಟೆಯಲ್ಲಿ ಒರೆಸಿದರು. ಅಕ್ಕ ಚಕ್ರಗಳ ಎಣ್ಣೆ ಇಳಿಸಿದಳು. ಭಾವ ಸೋಫಾದಿಂದಲೇ, “ಅಲ್ಲಿ ಬಿಟ್ಟೋಗಿದೆ ನೋಡ್ರೀ,” ಎಂದು ಮೇಸ್ತ್ರಿಗಿರಿ ಮಾಡಿದರು.

ಮತ್ತೆ ಸ್ವಿಚ್. ರೈಲು ಸೋಫಾ ಬಳಸಿತು, ಬೀರು ದಾಟಿತು, ಬೆಟ್ಟ ಏರಿತು, ಮೂರನೇ ಮೆಟ್ಟಿಲಿನ ಮೇಲೆ ನಿಂತಿತು. ಚಪ್ಪಾಳೆಯೋ ಚಪ್ಪಾಳೆ. ಅಕ್ಕ ನನ್ನನ್ನು ಹಿಡಿದುಕೊಂಡು ಕುಣಿದಳು.

ಅತ್ತೆ ಎದ್ದುಬಂದು, ರೈಲನ್ನು ಎರಡೂ ಕೈಯಲ್ಲಿ ಎತ್ತಿ, ಮತ್ತೆ ಬುಡಕ್ಕೆ ತಂದಿಟ್ಟರು.

“ಇನ್ನೊಂದ್ ಸಲ ಬಿಡು ಪದ್ಮಾ. ನಾನು ಹೆದ್ರಿ ಕಣ್ ಮುಚ್ಕೊಂಡಿದ್ದೆ.”