ರೇಷನ್ ಕಾರ್ಡಿನ ಮೂರನೆಯ ಹೆಸರು

ಚಿಕ್ಕಹನುಮಕ್ಕನಿಗೆ ಎರಡು ವರ್ಷ ತುಂಬಿದಾಗ ಮೂರು ದಿನ ಜ್ವರ ಬಂತು. ನಾಲ್ಕನೆಯ ದಿನ ಜ್ವರ ಇಳಿಯಿತು, ಬಲಗಾಲು ಮಾತ್ರ ಮೇಲೇಳಲಿಲ್ಲ. ಮಿಡಿಗೇಶಿಯಿಂದ ಮೂರು ಮೈಲಿ ಒಳಗಿರುವ ಅವಳ ಊರಿನಲ್ಲಿ ಆಗ ಪೋಲಿಯೊ ಎಂಬ ಮಾತನ್ನು ಕೇಳಿದವರು ಕಡಿಮೆ. ಸೊಸೆ ಬಸುರಿಯಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದೇ ಇದಕ್ಕೆ ಕಾರಣವೆಂದು ಅಜ್ಜಿ ದಾಸಮ್ಮ ಹೇಳಿದಳು. ತಾಯಿ ಆ ಮಾತನ್ನು ನಂಬಿಬಿಟ್ಟಳು, ಸಾಯುವ ತನಕ ನಂಬಿಕೊಂಡೇ ಇದ್ದಳು.

ಹುಡುಗಿ ಎಂಟು ವರ್ಷದವರೆಗೆ ತೆವಳಿದಳು. ಆಮೇಲೆ ಬಲಗೈಯನ್ನು ಮೊಣಕಾಲಿಗೆ ಊರಿಕೊಂಡು, ಬಾಗಿ ಬಾಗಿ ನಡೆಯಲು ಕಲಿತಳು. ಬೆಳಗಿನ ಹೊತ್ತು ಅವಳು ಜಗುಲಿಯ ಮೇಲೆ ಕೂರುವಂತಿರಲಿಲ್ಲ. ಸಂತೆಗೋ, ಬಿತ್ತನೆಗೋ, ಹೆಣ್ಣು ನೋಡಲಿಕ್ಕೋ ಹೊರಟವರು ಅವಳನ್ನು ಕಂಡರೆ ವಾಪಸು ಹೋಗಿ, ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ಬೀದಿ ಖಾಲಿಯಾಗುವ ತನಕ ಬಾಗಿಲ ಸಂದಿಯಲ್ಲಿ ಕೂತಿರಬೇಕೆಂದು ಅಜ್ಜಿ ಕಟ್ಟಪ್ಪಣೆ ಮಾಡಿದ್ದಳು. ಅಪ್ಪ ಸಣ್ಣರಂಗಯ್ಯ ಮಾತ್ರ ಈ ಮಾತಿಗೆ ಸೊಪ್ಪು ಹಾಕಲಿಲ್ಲ. ಎಲ್ಲರೂ ಓಡಾಡುವ ಹೊತ್ತಿನಲ್ಲೇ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಊರ ನಡುವೆಯೇ ಹಾದು ಶಾಲೆಗೆ ಬಿಟ್ಟು ಬರುತ್ತಿದ್ದ. ಅವನು ಹೆಚ್ಚು ಮಾತಿನವನಲ್ಲ. ಹೊತ್ತುಕೊಂಡು ಹೋಗುವುದೇ ಅವನ ಜವಾಬಾಗಿತ್ತು.

ಅಣ್ಣ ತಿಪ್ಪೇಶನ ಮದುವೆಯಲ್ಲಿ ಅವಳನ್ನು ಸೋದರತ್ತೆಯ ಊರಾದ ಚನ್ನರಾಯನದುರ್ಗಕ್ಕೆ ಕಳಿಸಿದರು. ಅಷ್ಟು ಹೊತ್ತಿಗೆ ಅಪ್ಪ ತೀರಿಕೊಂಡಿದ್ದ. ಹೆಣ್ಣಿನ ಕಡೆಯವರು ನೋಡಿದರೆ ಸಂಬಂಧ ಕೆಡುತ್ತದೆಂದು ತಾಯಿಯೇ ಬಟ್ಟೆ ಗಂಟು ಕಟ್ಟಿಕೊಟ್ಟಳು. ಅವಳಿಗೂ ಒಮ್ಮೆ ಸಂಬಂಧ ಬಂದಿತ್ತು. ಗಂಡಿಗೆ ಅರವತ್ತು ದಾಟಿತ್ತು, ಮಂಚ ಹಿಡಿದಿದ್ದ ಅವನ ತಾಯಿಯನ್ನು ನೋಡಿಕೊಳ್ಳಲು ಜನ ಬೇಕಿತ್ತು. ಚಿಕ್ಕಹನುಮಕ್ಕ ಒಲ್ಲೆ ಅಂದಳು. ಕುಂಟಿಗೆ ಕೊಬ್ಬು ನೋಡು ಎಂದು ಊರು ಆಡಿಕೊಂಡಿತು.

ಮಧುಗಿರಿಯ ಹಾಸ್ಟೆಲಿನಲ್ಲಿದ್ದು ಅವಳು ಹತ್ತನೇ ತರಗತಿ ಪಾಸು ಮಾಡಿದ್ದಳು. ಅದರಿಂದ, ಇಪ್ಪತ್ತಾರನೇ ವಯಸ್ಸಿನಲ್ಲಿ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತೆಯ ಕೆಲಸ ಸಿಕ್ಕಿತು. ಸುತ್ತಿನ ಹಳ್ಳಿಗಳಲ್ಲಿ ಕಾಲಿಲ್ಲದವರು, ಕಣ್ಣಿಲ್ಲದವರು, ಕಿವಿ ಕೇಳದವರು, ಬುದ್ಧಿ ಬೆಳೆಯದವರು ಯಾರಿದ್ದಾರೆಂದು ಮನೆಮನೆಗೆ ಹೋಗಿ ಪಟ್ಟಿ ಮಾಡುವುದು, ಅವರಿಗೆ ಗುರುತಿನ ಕಾರ್ಡು, ಪಿಂಚಣಿ ಮಾಡಿಸಿಕೊಡುವುದು ಅವಳ ಕೆಲಸ. ಸರ್ಕಾರದ ಕಡೆಯಿಂದ ಮೂರು ಚಕ್ರದ ಸ್ಕೂಟರೂ ಬಂತು. ಸರ್ಕಾರದ ಕಾಗದದಲ್ಲಿ ಅಂಗವಿಕಲರು ಹೋಗಿ ವಿಕಲಚೇತನರಾದರು, ವಿಕಲಚೇತನರು ಹೋಗಿ ವಿಶೇಷಚೇತನರಾದರು. ಊರ ಬಾಯಲ್ಲಿ ಅವಳು ಕುಂಟಿ ಹನುಮಿಯೇ. ಕೆಲಸ ಬೇಕಾದಾಗ ಮಾತ್ರ ಹನುಮಕ್ಕ.

ಹದಿಮೂರು ವರ್ಷ ಹೀಗೆ ತಿರುಗಿದ ಮೇಲೆ, ಮೂಡಲಗಿರಿಯಪ್ಪನ ಮನೆಯ ವಿಷಯ ಬಂತು.

ಮೂಡಲಗಿರಿಯಪ್ಪ ಪಕ್ಕದ ಹಳ್ಳಿಯ ಸ್ಥಿತಿವಂತ. ಕೊಳವೆಬಾವಿ ಇತ್ತು, ಟ್ರಾಕ್ಟರ್ ಇತ್ತು, ನ್ಯಾಯಪಂಚಾಯ್ತಿಗೆ ಜನ ಅವನನ್ನು ಕರೆಯುತ್ತಿದ್ದರು. ಆ ವರ್ಷ ಹೊಸದಾಗಿ ಪಟ್ಟಿ ಮಾಡಬೇಕಾಗಿ ಬಂದು, ಚಿಕ್ಕಹನುಮಕ್ಕ ರೇಷನ್ ಕಾರ್ಡುಗಳ ಹೆಸರು ಹಿಡಿದುಕೊಂಡು ಮನೆಮನೆ ಸುತ್ತುತ್ತಿದ್ದಳು. ಅವನ ಕಾರ್ಡಿನಲ್ಲಿ ಅವನದು, ಹೆಂಡತಿ ರಾಜಲಕ್ಷ್ಮಮ್ಮನದು, ಮೂರನೆಯದಾಗಿ ಅನುಷಾ ಎಂದು ಇಪ್ಪತ್ನಾಲ್ಕು ವರ್ಷದವಳ ಹೆಸರು, ಕೊನೆಗೆ ಅಶ್ವಿನಿ ಎಂಬವಳದು. ಅಶ್ವಿನಿ ದಿನಾ ಮಧುಗಿರಿಯ ಕಾಲೇಜಿಗೆ ಬಸ್ಸು ಹತ್ತುವುದನ್ನು ಎಲ್ಲರೂ ನೋಡಿದ್ದರು. ಅನುಷಾಳನ್ನು ಈಚಿನ ವರ್ಷಗಳಲ್ಲಿ ಯಾರೂ ಕಂಡಿರಲಿಲ್ಲ. ಕೇಳಿದ್ದಕ್ಕೆ, ಅವಳಿಗೆ ಆಂಧ್ರದ ಕಡೆ ಮದುವೆಯಾಗಿದೆ, ಹೆಸರು ತೆಗೆಸುವುದು ಉಳಿದುಹೋಗಿದೆ ಎಂದು ಮೂಡಲಗಿರಿಯಪ್ಪ ಹೇಳಿದ.

ಚಿಕ್ಕಹನುಮಕ್ಕ ಅದನ್ನೇ ಬರೆದುಕೊಂಡು ಹೊರಡುವವಳಿದ್ದಳು. ಬಾಯಾರಿ ನೀರು ಕೇಳಿದಳು. ರಾಜಲಕ್ಷ್ಮಮ್ಮ ಒಳಗೆ ಹೋದಾಗ ಹಿತ್ತಿಲ ಬಾಗಿಲು ತೆರೆದುಕೊಂಡು, ಹುಣಸೆಹಣ್ಣು ತುಂಬುವ ಕೋಣೆಯ ಗೋಡೆ ಕಾಣಿಸಿತು. ಗೋಡೆಯಲ್ಲಿ ನೆಲದಿಂದ ಒಂದು ಮೊಳದ ಎತ್ತರಕ್ಕೆ ಮೊಳೆ ಹೊಡೆದು ಕನ್ನಡಿ ತೂಗುಹಾಕಿದ್ದರು. ನಿಂತವರಿಗೆ ಆ ಕನ್ನಡಿಯಲ್ಲಿ ತಮ್ಮ ಪಾದವಷ್ಟೇ ಕಂಡೀತು. ತೆವಳಿ ಬೆಳೆದ ಚಿಕ್ಕಹನುಮಕ್ಕನಿಗೆ ಅದು ಯಾರ ಕನ್ನಡಿಯೆಂದು ಯಾರೂ ಹೇಳಬೇಕಾಗಿರಲಿಲ್ಲ.

ಮರುವಾರ ಯಜಮಾನ ಇಲ್ಲದ ಹೊತ್ತು ನೋಡಿ ಹೋದಳು. ಅದರ ಮರುವಾರವೂ ಹೋದಳು. ಮೂರನೆಯ ಸಲ ರಾಜಲಕ್ಷ್ಮಮ್ಮ ಅಡುಗೆಮನೆಯ ಹೊಸಿಲ ಮೇಲೆ ಕುಸಿದು ಕೂತು ಅತ್ತಳು. ಹೆರಿಗೆ ತಡವಾಗಿ ಮಗು ಉಸಿರುಗಟ್ಟಿ ಹುಟ್ಟಿತ್ತಂತೆ. ಕೈಕಾಲು ಸ್ವಾಧೀನವಿಲ್ಲ, ಮಾತು ತೊದಲು, ಆದರೆ ಬುದ್ಧಿಗೆ ಏನೂ ಕಡಿಮೆಯಿಲ್ಲ. ಅಶ್ವಿನಿ ಹುಟ್ಟಿದ ಮೇಲೆ ಅಕ್ಕನನ್ನು ಒಳಗೆ ಹಾಕಿದ್ದು, ಹತ್ತೊಂಬತ್ತು ವರ್ಷವಾಗಿತ್ತು.

ಆ ಹುಣಸೆಹಣ್ಣಿನ ಕೋಣೆಯಲ್ಲಿ ಅನುಷಾ ಗೋಣಿಚೀಲಕ್ಕೆ ಒರಗಿ ಕೂತಿದ್ದಳು. ಉದ್ದ ಕೂದಲನ್ನು ತಾಯಿ ಚೆನ್ನಾಗಿ ಬಾಚಿ ಜಡೆ ಹೆಣೆದಿದ್ದಳು. ಒಳಗೆ ಬಂದ ಹೆಂಗಸು ಬಾಗಿ ನಡೆಯುವುದನ್ನು ಅವಳು ಕಣ್ಣು ಕೀಳದೆ ನೋಡಿದಳು. ಆಮೇಲೆ ಬಾಯಿ ಸೊಟ್ಟ ಮಾಡಿ ನಕ್ಕು, ಚಿಕ್ಕಹನುಮಕ್ಕನ ಕಾಲು ತೋರಿಸಿ, ತನ್ನ ಕಾಲು ತೋರಿಸಿದಳು.

ಮಧುಗಿರಿಯ ಆಸ್ಪತ್ರೆಯಲ್ಲಿ ಗುರುತಿನ ಕಾರ್ಡಿಗಾಗಿ ಡಾಕ್ಟರರ ಶಿಬಿರ ಇತ್ತು. ಅಲ್ಲಿಗೆ ಒಮ್ಮೆ ಕರೆದುಕೊಂಡು ಬಂದರೆ ಸಾಕು, ಆಮೇಲೆ ಪಿಂಚಣಿ, ಗಾಲಿಕುರ್ಚಿ ಎಲ್ಲವೂ ದಾರಿ ಹಿಡಿಯುತ್ತವೆ ಎಂದು ಚಿಕ್ಕಹನುಮಕ್ಕ ಒತ್ತಿ ಒತ್ತಿ ಹೇಳಿದಳು.

"ಅವ್ರಿಗೆ ಗೊತ್ತಾದ್ರೆ ನನ್ನ ಉಳಿಸಲ್ಲ ಕಣಮ್ಮ. ಅಶ್ವಿನಿಗೆ ಬುಕ್ಕಾಪಟ್ಟಣದ ಕಡೆಯಿಂದ ಗಂಡು ನೋಡ್ಕೊಂಡೋಗವ್ರೆ," ಎಂದಳು ರಾಜಲಕ್ಷ್ಮಮ್ಮ.

"ಗೊತ್ತಾಗಲ್ಲ ಬುಡಕ್ಕ. ನಾನಿದೀನಲ್ಲ," ಎಂದಳು ಚಿಕ್ಕಹನುಮಕ್ಕ.

ಆ ಮಾತನ್ನು ಯಾವ ಧೈರ್ಯದ ಮೇಲೆ ಆಡಿದೆನೆಂದು ಮುಂದೆ ಅವಳು ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು.

ಮೂಡಲಗಿರಿಯಪ್ಪ ಶಿರಾಕ್ಕೆ ಹೋಗಿದ್ದ ದಿನ ಆಟೊ ಕರೆಸಿದರು. ಅನುಷಾಳಿಗೆ ತಂಗಿಯ ಚೂಡಿದಾರ ಹಾಕಿ, ತಲೆಯ ಮೇಲೆ ವೇಲು ಹೊದಿಸಿ, ಇಬ್ಬರ ನಡುವೆ ಕೂರಿಸಿಕೊಂಡರು. ಮಧುಗಿರಿಯ ಬೆಟ್ಟ ಕಣ್ಣಿಗೆ ಬಿದ್ದಾಗ ಅವಳು ಕತ್ತು ಹೊರಳಿಸಿ, ವೇಲು ಜಾರಿ ಬಿದ್ದದ್ದೂ ಲೆಕ್ಕವಿಲ್ಲದೆ, ನೋಡುತ್ತಲೇ ಇದ್ದಳು. ಶಿಬಿರದಲ್ಲಿ ಡಾಕ್ಟರು ಹೆಸರು ಕೇಳಿದರು. ತಾಯಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ, ಬೆವರುವಷ್ಟು ಕಷ್ಟಪಟ್ಟು, ಹೇಳಿದಳು. ಡಾಕ್ಟರು ತಾಳ್ಮೆಯಿಂದ ಕಾದು ಕೇಳಿಸಿಕೊಂಡರು. ಹೊರಗಿನವರು ಅವಳ ಹೆಸರನ್ನು ಅವಳ ಬಾಯಿಂದಲೇ ಕೇಳಿದ್ದು ಅದೇ ಮೊದಲು.

ವೇಲು ಜಾರಿದ ಮುಖವನ್ನು ಶಿಬಿರಕ್ಕೆ ಬಂದಿದ್ದ ಯಾರೋ ನೋಡಿದ್ದರು. ತಾಯಿಯನ್ನು ಗುರುತು ಹಿಡಿದಿದ್ದರು. ಹತ್ತು ದಿನದೊಳಗೆ ಸುದ್ದಿ ಬುಕ್ಕಾಪಟ್ಟಣ ಮುಟ್ಟಿತು. ಅಲ್ಲಿನ ಯಜಮಾನರು, ದೊಡ್ಡವಳು ಹಾಗಿದ್ದಾಳೆಂದರೆ ರಕ್ತದಲ್ಲೇ ಏನೋ ಇರಬೇಕು, ನಾಳೆ ಹುಟ್ಟುವ ಮಕ್ಕಳ ಗತಿಯೇನು, ಬೇರೆ ಕಡೆ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದರು.

ಮೂಡಲಗಿರಿಯಪ್ಪ ನೇರವಾಗಿ ಪಂಚಾಯ್ತಿ ಆಫೀಸಿಗೆ ಬಂದ. ಕೂಗಾಡಲಿಲ್ಲ. ಎಲ್ಲರೂ ಇರುವಾಗಲೇ ಚಿಕ್ಕಹನುಮಕ್ಕನ ಮೇಜಿನ ಮುಂದೆ ನಿಂತು, ಬಹಳ ಮೆತ್ತಗೆ ಅಂದ: "ನಿನ್ ಕಾಲು ಕುಂಟು ಅಂತ ನನ್ ಮಗಳ ಮದ್ವೆನೂ ಕುಂಟ್ಸುಬುಟ್ಯಲ್ಲವ್ವ."

 ಅಂಗವಿಕಲರ ಹಕ್ಕಿನ ಕಾನೂನು ಅವಳಿಗೆ ಗೊತ್ತಿತ್ತು, ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದರು. ಆದರೂ ಅವಳು ಮೇಜಿನ ಮೇಲಿನ ಅರ್ಜಿಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ಕೂತಳು. ಅವನು ಹೋದ ಮೇಲೆ ಪಿಡಿಒ ಸಾಹೇಬರು, ಕೆಲವು ದಿನ ಆ ಹಳ್ಳಿಯ ಕಡೆ ತಲೆಹಾಕಬೇಡ ಎಂದು ಬುದ್ಧಿ ಹೇಳಿದರು. ಅಣ್ಣ ತಿಪ್ಪೇಶ ಮನೆಯಲ್ಲಿ ಇನ್ನೊಂದು ಸುತ್ತು ಬೈದ. ಇನ್ನು ನೆಂಟರು ಮನೆ ಮೆಟ್ಟಿಲು ತುಳಿಯದೆ ಹೋದರೆ ಅದಕ್ಕೆ ಇವಳೇ ಹೊಣೆ ಎಂದ.

ತಿಂಗಳು ಕಳೆದು ಅನುಷಾಳ ಕಾರ್ಡು ಪಂಚಾಯ್ತಿಗೆ ಬಂತು. ಫೋಟೊದಲ್ಲಿ ಅವಳು ಬಾಯಿ ತೆರೆದು ನಗುತ್ತಿದ್ದಳು. ಅದನ್ನು ಹಿಡಿದು ಹೋದರೆ ಮನೆಯ ಬಾಗಿಲು ತೆರೆಯಲಿಲ್ಲ. ಕೊನೆಗೆ ವಿಷಯ ಹೇಳಿದ್ದು ಅಶ್ವಿನಿ. ಮಿಡಿಗೇಶಿಯ ಬಸ್ ನಿಲ್ದಾಣದಲ್ಲಿ ಸ್ಕೂಟರಿನ ಪಕ್ಕ ಬಂದು ನಿಂತು, ಬೇರೆ ಕಡೆ ನೋಡುತ್ತಲೇ ಹೇಳಿದಳು: "ಅಕ್ಕನ್ನ ಪಾವಗಡದಿಂದಾಚೆ ಆಶ್ರಮಕ್ಕೆ ಬುಟ್ ಬಂದವ್ರೆ. ನಾನು ಬ್ಯಾಡ ಅನ್ನಲಿಲ್ಲ ಹನುಮಕ್ಕ. ಅನ್ಬೇಕಿತ್ತು." ಅಷ್ಟು ಹೇಳಿ ಬಸ್ಸು ಹತ್ತಿದಳು.

ಆಶ್ರಮ ಆಂಧ್ರದ ಗಡಿಗೆ ಅಂಟಿಕೊಂಡಿತ್ತು. ಸಿಮೆಂಟು ಶೀಟಿನ ಉದ್ದನೆಯ ಕಟ್ಟಡ, ಮುಂದೆ ವರಾಂಡ, ಅಲ್ಲಿ ಎಂಟು ಹತ್ತು ಹೆಂಗಸರು ಬಿಸಿಲಿಗೆ ಕೂತಿದ್ದರು. ನೋಡಿಕೊಳ್ಳುವ ಅಶ್ವತ್ಥಮ್ಮ ಎಂಬವಳು ಅನುಷಾ ಎನ್ನುವವರು ಯಾರೂ ಇಲ್ಲ ಅಂದಳು. ಕಾರ್ಡಿನ ಫೋಟೊ ತೋರಿಸಿದಾಗ ಗುರುತು ಹಿಡಿದು, ತೆಲುಗು ಬೆರೆಸಿ ಹೇಳಿದಳು:

"ಈಯಮ್ಮನಾ? ಈಯಮ್ಮ ಲಕ್ಷ್ಮಿ ಕದಾ. ಎವರೂ ಲೇರು, ಯಾರೂ ಇಲ್ಲ, ಅನಾಥ ಅಂತ ಬರ್ಕೊಂಡವ್ರೆ."

ರಿಜಿಸ್ಟರಿನಲ್ಲಿ ಹಾಗೆಯೇ ಇತ್ತು. ಹೆಸರು ಲಕ್ಷ್ಮಿ, ಊರು ತಿಳಿದಿಲ್ಲ, ತಂದೆ ತಾಯಿ ಇಲ್ಲ, ದಾರಿಯಲ್ಲಿ ಸಿಕ್ಕವಳು. ಕಷ್ಟಪಟ್ಟು ಹೇಳಿಕೊಂಡ ಹೆಸರನ್ನು ಇಲ್ಲಿ ಕೇಳಿಸಿಕೊಳ್ಳುವ ವ್ಯವಧಾನ ಯಾರಿಗೂ ಇರಲಿಲ್ಲ. ಚಿಕ್ಕಹನುಮಕ್ಕನಿಗೆ ಮೈಯೆಲ್ಲ ಉರಿಯಿತು. ಕಾರ್ಡನ್ನು ಮೇಜಿನ ಮೇಲಿಟ್ಟು, ಇವಳಿಗೆ ಹೆಸರಿದೆ, ಅಪ್ಪ ಇದ್ದಾನೆ, ಊರಿದೆ, ಈಗಲೇ ತಿದ್ದಬೇಕು ಎಂದು ಪಟ್ಟು ಹಿಡಿದಳು.

ಮ್ಯಾನೇಜರು ಕೆಟ್ಟ ಮನುಷ್ಯನಲ್ಲ. ತಿದ್ದಬಹುದು ಎಂದ. ಆದರೆ ಅದು ಯಾರೂ ಇಲ್ಲದವರ ಜಾಗ. ತಂದೆಯ ಹೆಸರು ಬರೆದರೆ ಪೊಲೀಸರ ಮೂಲಕ ಅವಳನ್ನು ತಂದೆಯ ಮನೆಗೇ ಕಳಿಸಬೇಕಾಗುತ್ತದೆ, ಆಮೇಲೆ ಮನೆಯವರು ಹೇಗೆ ನೋಡಿಕೊಳ್ಳುತ್ತಾರೋ ತನಗೆ ಗೊತ್ತಿಲ್ಲ ಎಂದ. ಬೇಕಾದರೆ ಅವಳನ್ನೇ ಕೇಳಿ ಎಂದು ವರಾಂಡಕ್ಕೆ ಕರೆದುಕೊಂಡು ಹೋದ.

ಚಿಕ್ಕಹನುಮಕ್ಕ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಕೇಳಿದಳು: "ಮನೆಗೆ ಓಗಾಣ್ವಾ, ಅನೂ?"

ಅನುಷಾ ತಲೆ ಅಲ್ಲಾಡಿಸಿದಳು. ಸ್ವಾಧೀನವಿಲ್ಲದ ಕತ್ತು ಸುಮ್ಮನೆ ಆಡಿತೇನೋ ಎಂದು ಚಿಕ್ಕಹನುಮಕ್ಕ ಮತ್ತೆ ಕೇಳಿದಳು. ಈ ಸಲ ಅನುಷಾ ವರಾಂಡದ ಕಂಬವನ್ನು ತೋಳಿನಿಂದ ಬಳಸಿ ಹಿಡಿದುಕೊಂಡಳು. ಅಲ್ಲಿಂದ ರಸ್ತೆ ಕಾಣುತ್ತಿತ್ತು, ಬಸ್ಸು, ಕುರಿ, ಶಾಲೆಯ ಮಕ್ಕಳು ಕಾಣುತ್ತಿದ್ದರು. ಹುಣಸೆಹಣ್ಣಿನ ಕೋಣೆಗೆ ಕಿಟಕಿ ಇರಲಿಲ್ಲ.

ತನ್ನ ಮನೆಗೇ ಕರೆದುಕೊಂಡು ಹೋಗಲೇ ಎಂಬ ಯೋಚನೆ ಚಿಕ್ಕಹನುಮಕ್ಕನಿಗೆ ಬರದೆ ಇರಲಿಲ್ಲ. ಆದರೆ ಅವಳ ಮನೆ ಎಂದರೆ ಅಣ್ಣನ ಮನೆಯ ಪಡಸಾಲೆಯ ಒಂದು ಮೂಲೆ. ಕೊನೆಗೆ ರಿಜಿಸ್ಟರಿನಲ್ಲಿ ಲಕ್ಷ್ಮಿ ಹೊಡೆದುಹಾಕಿ ಅನುಷಾ ಎಂದು ಬರೆಸಿದಳು. ತಂದೆಯ ಹೆಸರಿನ ಜಾಗವನ್ನು ಖಾಲಿ ಬಿಡಲು ಒಪ್ಪಿದಳು. ಮನೆಮನೆಗೆ ಹೋಗಿ, ಮುಚ್ಚಿಡಬೇಡಿ, ಬರೆಸಿ, ಬರೆಸಿ ಎಂದು ಬಾಯಿ ನೋಯಿಸಿಕೊಂಡವಳು ಅವಳು. ಆ ಖಾಲಿ ಜಾಗದ ಪಕ್ಕದಲ್ಲಿ ಅವಳೇ ಸಹಿ ಹಾಕಿದಳು. ಬಸ್ಸಿನಲ್ಲಿ ಬರುವಾಗ ಅಪ್ಪನ ನೆನಪಾಗಿ, ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಮರುವರ್ಷ ಅಶ್ವಿನಿಗೆ ಕೊರಟಗೆರೆಯ ಕಡೆ ಮದುವೆಯಾಯಿತು. ಲಗ್ನಪತ್ರಿಕೆಯೊಂದು ಪಂಚಾಯ್ತಿಯ ಮೇಜಿನ ಮೇಲೆ ಬಿದ್ದಿತ್ತು. ಮೂಡಲಗಿರಿಯಪ್ಪನವರ ಏಕಮಾತ್ರ ಪುತ್ರಿ ಎಂದು ಅಚ್ಚು ಹಾಕಿಸಿದ್ದರು. ಚಿಕ್ಕಹನುಮಕ್ಕ ಓದಿ, ಮಡಿಸಿ, ಅಲ್ಲೇ ಇಟ್ಟಳು.

ಮದುವೆ ಮುಗಿದು ಎರಡು ತಿಂಗಳಿಗೆ ರಾಜಲಕ್ಷ್ಮಮ್ಮ ತಾನಾಗಿಯೇ ಚಿಕ್ಕಹನುಮಕ್ಕನ ಬಳಿಗೆ ಬಂದಳು. ದೇವರಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿದ್ದಳು. ಚೀಲದಲ್ಲಿ ಕಡಲೆಕಾಯಿ ಉಂಡೆ, ಹರಳೆಣ್ಣೆ, ಬಾಚಣಿಗೆ, ಹೊಸ ಟೇಪು ಇದ್ದವು. ಇಬ್ಬರೂ ಪಾವಗಡದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ರಾಜಲಕ್ಷ್ಮಮ್ಮ ಒಂದೇ ಮಾತು ಹೇಳುತ್ತಿದ್ದಳು: ಮಗಳ ಜಡೆ ಮೊಣಕಾಲು ಮುಟ್ಟುತ್ತದೆ, ಅಷ್ಟು ಕೂದಲನ್ನು ಅಲ್ಲಿ ಯಾರು ಬಾಚುತ್ತಾರೋ ಏನೋ.

ಆಶ್ರಮದಲ್ಲಿ ಎಲ್ಲರ ತಲೆಯನ್ನೂ ಹೇನಿನ ಕಾಟಕ್ಕೆ ಸಣ್ಣಗೆ ಕತ್ತರಿಸಿದ್ದರು. ಚಿಕ್ಕಹನುಮಕ್ಕ ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತಿದ್ದಳು, ಆದರೆ ಅದನ್ನು ತಾಯಿಗೆ ಹೇಳಲು ಅವಳಿಗೆ ಬಾಯಿ ಬಂದಿರಲಿಲ್ಲ.

ರಾಜಲಕ್ಷ್ಮಮ್ಮ ವರಾಂಡದ ತುದಿಯಲ್ಲಿ ನಿಂತುಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಮಗಳ ಹಿಂದೆ ಕೂತು, ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು, ಆ ಮೋಟು ತಲೆಗೆ ಹಚ್ಚಿ ತಿಕ್ಕತೊಡಗಿದಳು. ಅನುಷಾ ತಿರುಗಿ ನೋಡಲಿಲ್ಲ. ರಸ್ತೆಯ ಕಡೆ ಮುಖ ಮಾಡಿಕೊಂಡು ಕೂತಿದ್ದಳು, ಕೈಯನ್ನು ತಳ್ಳಲೂ ಇಲ್ಲ. ಉಂಡೆ ಕೊಟ್ಟರೆ ಬಾಯಿ ತೆರೆಯಲಿಲ್ಲ. ಬಹಳ ಹೊತ್ತಾದ ಮೇಲೆ ತೊದಲುತ್ತಾ ಏನೋ ಕೇಳಿದಳು.

"ಚೆನ್ನಾಗವ್ಳೆ ಕಣವ್ವ," ಎಂದಳು ತಾಯಿ. "ಅಶ್ವಿನಿ ಚೆನ್ನಾಗವ್ಳೆ."

ಸಂಜೆಯ ಬಸ್ಸಿಗೆ ಇಬ್ಬರೂ ವಾಪಸು ಹೊರಟರು. ಮಿಡಿಗೇಶಿಗೆ ಇನ್ನೂ ಒಂದು ಸ್ಟಾಪು ಇರುವಾಗಲೇ ರಾಜಲಕ್ಷ್ಮಮ್ಮ ಎದ್ದು ನಿಂತಳು. ತಮ್ಮಿಬ್ಬರನ್ನೂ ಒಟ್ಟಿಗೆ ನೋಡಿದರೆ ಜನ ಕೇಳುತ್ತಾರೆ, ಇಲ್ಲಿಂದ ನಡೆದುಕೊಂಡು ಹೋಗುತ್ತೇನೆ ಎಂದಳು. ಚಿಕ್ಕಹನುಮಕ್ಕ ಆಗಲಿ ಅಂದಳು. ಕಿಟಕಿಯಿಂದ ನೋಡಿದರೆ ಆ ಹೆಂಗಸು ರಸ್ತೆಯ ಅಂಚಿನಲ್ಲಿ ಚೀಲ ಹಿಡಿದುಕೊಂಡು, ಬಸ್ಸು ಮುಂದೆ ಹೋಗಲಿ ಎಂದು ಕಾಯುತ್ತಾ ನಿಂತಿದ್ದಳು.