ಭಾವನ ಬಿಯರ್ ಪಾತ್ರೆ

ಪಾತ್ರೆಯೊಳಗಿಂದ ತಲೆ ಹೊರಗೆ ತೆಗೆದಾಗ ಭಾವನ ಹಣೆಗೆ ಅಡ್ಡಲಾಗಿ ಕೆಂಪು ಗೆರೆ ಮೂಡಿರುತ್ತಿತ್ತು. ಅಂಚಿಗೆ ಅಷ್ಟು ಒತ್ತಿಕೊಂಡು ಮೂಸುತ್ತಿದ್ದರು. ಕ್ಯಾಂಪ್‌ಬೆಲ್ ಊರಿನ ಅವರ ಮನೆಯ ಗರಾಜಿನಲ್ಲಿ ಬಿಯರ್ ಕುದಿಸುವ ದೊಡ್ಡ ಸ್ಟೀಲ್ ಪಾತ್ರೆ ಅದು. ಕುದಿಸುವುದು ಭಾವ, ತೊಳೆಯುವುದು ನನ್ನ ಅಕ್ಕ. ಬಿಸಿನೀರಿಗೆ ತೊಳೆಯುವ ಪುಡಿ ಹಾಕಿ ನೆನೆಸಬೇಕು, ಮೆತ್ತನೆಯ ಬಟ್ಟೆಯಲ್ಲೇ ಉಜ್ಜಬೇಕು, ಬೋರಲು ಹಾಕಿ ಆರಿಸಬೇಕು. ಸ್ಟೀಲ್ ಸ್ಕ್ರಬ್ಬರು ತಗುಲಿದರೆ ಗೀರು, ಬ್ಲೀಚು ಹಾಕಿದರೆ ತುಕ್ಕು. ಹಳೆಯ ಬಿಯರಿನ ಹುಳಿ ವಾಸನೆ ಒಂಚೂರು ಉಳಿದಿದ್ದರೂ "ಮೂಗಿಲ್ವಾ ನಿಂಗೆ?" ಎಂದು ಪಾತ್ರೆಯನ್ನು ಮತ್ತೆ ಅಕ್ಕನ ಮುಂದಿಡುತ್ತಿದ್ದರು.

ನನ್ನ ಪಾಲಿಗೆ ಅವರು ಒಳ್ಳೆಯವರೇ. ಫ್ರೀವೇಯಲ್ಲಿ ಕಾರು ಓಡಿಸಲು ಕಲಿಸಿದ್ದು ಅವರು, ಒಮ್ಮೆಯೂ ದನಿ ಏರಿಸದೆ.

ಒಂದು ಚಳಿಗಾಲದಲ್ಲಿ ಅಕ್ಕನಿಗೆ ಜ್ವರ ಬಂತು. ಜ್ವರ ಬಿಟ್ಟರೂ ವಾಸನೆ ತಿಳಿಯುವ ಶಕ್ತಿ ಮರಳಲಿಲ್ಲ. ಒಗ್ಗರಣೆ ಸೀದದ್ದು ಹೊಗೆ ಕಂಡ ಮೇಲೆಯೇ ಗೊತ್ತಾಗುತ್ತಿತ್ತು. ಪಾತ್ರೆ ಚೊಕ್ಕಟವಾಯಿತೋ ಇಲ್ಲವೋ ತಿಳಿಯದೆ, ಹೆದರಿ, ಒಂದು ದಿನ ಬ್ಲೀಚು ಸುರಿದು ಬೆಳಗಿನವರೆಗೆ ಬಿಟ್ಟಳು. ತಳದಲ್ಲಿ ಸಾಸಿವೆಯಷ್ಟು ದಪ್ಪದ ತುಕ್ಕಿನ ಚುಕ್ಕೆಗಳೆದ್ದವು.

ಭಾವ ಬೈಯಲಿಲ್ಲ. ಶನಿವಾರ ಸ್ನೇಹಿತರು ಬಂದಾಗ ಪಾತ್ರೆಯನ್ನು ಹಿತ್ತಲಿನ ಮೇಜಿನ ಮೇಲಿಟ್ಟು ಅಕ್ಕನನ್ನು ಕರೆದರು. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದವಳು ಎಂದು ಎಲ್ಲರಿಗೂ ಹೇಳಿದರು.

"ಮೂಸಿ ಹೇಳು, ಏನು ಸ್ಮೆಲ್ ಬರ್ತಿದೆ?"

ಅಕ್ಕ ಬಗ್ಗಿದಳು. "ಏನೂ ಗೊತ್ತಾಗ್ತಿಲ್ಲ ರೀ."

"ಇನ್ನೂ ಒಳಗೆ."

ಅವಳ ತಲೆ ಪೂರ್ತಿ ಒಳಹೋಯಿತು. ಯಾರೋ ನಕ್ಕರು. ಹೈಸ್ಕೂಲಿನಲ್ಲಿದ್ದ ಅವರ ಮಗಳು, "ಡ್ಯಾಡ್, ಶಿ ಕಾಂಟ್ ಸ್ಮೆಲ್. ಯು ನೋ ದಟ್," ಎಂದಳು. ಭಾವನಿಗೆ ಗೊತ್ತಿತ್ತು. ದೂರದ ವಾಲ್ನಟ್ ಕ್ರೀಕ್‌ವರೆಗೆ ಕರೆದೊಯ್ದು ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದವರೇ ಅವರು. ಅಕ್ಕ ತಲೆಯೆತ್ತಿದಾಗ ಹಣೆಯ ಕುಂಕುಮ ಪಾತ್ರೆಯ ಅಂಚಿಗೆ ಮೆತ್ತಿಕೊಂಡಿತ್ತು. ಭಾವ ಬಟ್ಟೆ ತಂದು ಪಾತ್ರೆಯನ್ನು ಒರೆಸಿದರು.

ಅಡುಗೆಮನೆಯಲ್ಲಿ ನಾನು ಅಕ್ಕನ ಕೈ ಹಿಡಿದು, ಈಗಲೇ ನನ್ನ ಅಪಾರ್ಟ್‌ಮೆಂಟಿಗೆ ಹೊರಡು ಎಂದೆ. ಬಂದವರಿಗೆ ಪೂರಿ ಕರಿಯುವುದಿದೆ ಎಂದು ಕೈ ಬಿಡಿಸಿಕೊಂಡಳು.

ಹೋದ ವರ್ಷ ಭಾವ ಹೃದಯಾಘಾತದಿಂದ ತೀರಿಕೊಂಡರು. ಅಂತ್ಯಕ್ರಿಯೆಗೆ ಸೇರಿದ ಸ್ನೇಹಿತರು ಒಬ್ಬೊಬ್ಬರಾಗಿ ಎದ್ದು ಅವರ ಹಾಸ್ಯ, ಅವರ ಧಾರಾಳತನ ನೆನೆದು ಕಣ್ಣೊರೆಸಿಕೊಂಡರು. ಕೊನೆಗೆ ಅಕ್ಕನನ್ನು ಕರೆದರು. ಎದ್ದು ಹೋಗಿ ಮೈಕಿನ ಮುಂದೆ ನಿಂತಳು.

"ಅವ್ರು ತುಂಬಾ ಕ್ಲೀನು," ಎಂದಳು.

ಮಗಳ ಪಕ್ಕಕ್ಕೆ ಬಂದು ಕುಳಿತಳು. ಜನ ಅವಳು ಇನ್ನೂ ಏನಾದರೂ ಹೇಳುತ್ತಾಳೆಂದು ಕಾಯುತ್ತಲೇ ಇದ್ದರು.